ವಿಯೆಟ್ನಾಂ ಟ್ರಿಪ್‌ಗೆ ಬಜೆಟ್ ಹಾಕೋದು ಹೇಗೆ: ಮೊದ್ಲು ಊರು ಕಮ್ಮಿ ಮಾಡಿ

ವಿಯೆಟ್ನಾಂಗೆ ಎಷ್ಟು ಖರ್ಚಾಗತ್ತೆ ಅಂತ ಹತ್ತು ಜನಾನ ಕೇಳಿದ್ರೆ ಹತ್ತು ಲೆಕ್ಕ ಬರತ್ತೆ, ಒಬ್ರು ನಲವತ್ತು ಸಾವಿರ ಸಾಕು ಅಂತಾರೆ, ಇನ್ನೊಬ್ರು ಒಂದೂವರೆ ಲಕ್ಷ ಇಲ್ದೆ ಹೊರಡ್ಲೇಬೇಡಿ ಅಂತಾರೆ, ಇಬ್ಬರೂ ಸುಳ್ಳು ಹೇಳ್ತಿಲ್ಲ. ಅಲ್ಲಿ ಊಟ, ರೂಮು, ಕಾಫಿ ಎಲ್ಲಾ ನಮ್ಮ ಕೈಗೆ ಎಟುಕೋ ದರಾನೇ. ಬಜೆಟ್ ಹೆಚ್ಚುಕಮ್ಮಿ ಆಗೋದು ಎಷ್ಟು ಊರು ಸೇರಿಸಿದೀರಿ ಅನ್ನೋದ್ರ ಮೇಲೆ. ಮ್ಯಾಪ್ ತೆಗೆದು ನೋಡಿ, ಆ ದೇಶ ಉದ್ದಕ್ಕೆ ಇದೆ. ಉತ್ತರದ ಹನೋಯ್‌ಯಿಂದ ದಕ್ಷಿಣದ ಸೈಗಾನ್‌ಗೆ, ಅಂದ್ರೆ ಹೋ ಚಿ ಮಿನ್ ಸಿಟಿಗೆ, ರೈಲು ಹಳಿ 1,726 ಕಿಲೋಮೀಟರ್ ಇದೆ, ರೈಲಲ್ಲಿ ಕೂತ್ರೆ ಮೂವತ್ತು ಗಂಟೆ ದಾಟತ್ತೆ. ಒಂದು ವಾರದ ರಜೆಯಲ್ಲಿ ಹನೋಯ್, ಹಾ ಲಾಂಗ್, ಡಾ ನಾಂಗ್, ಹೊಯ್ ಆನ್, ಸೈಗಾನ್ ಎಲ್ಲಾ ಮುಗಿಸ್ತೀವಿ ಅಂತ ಹೊರಟ್ರೆ ಒಳಗಡೆ ಎರಡು ಫ್ಲೈಟ್ ಬೇಕೇ ಬೇಕು, ಪ್ರತಿ ಸಲ ಏರ್‌ಪೋರ್ಟ್‌ಗೆ ಹೋಗಿಬರೋ ಟ್ಯಾಕ್ಸಿ, ಲಗೇಜಿಗೆ ಬೇರೆ ದುಡ್ಡು, ಅದ್ರ ಜೊತೆ ಅರ್ಧರ್ಧ ದಿನ ಹೋಗ್ಬಿಡತ್ತೆ. ಇಬ್ಬರಿಗೆ ಇಪ್ಪತ್ತು ಸಾವಿರ ರೂಪಾಯಿ ಬರೀ ಓಡಾಟಕ್ಕೇ ಜಾಸ್ತಿ ಆಗತ್ತೆ. ಅದಕ್ಕೆ ನನ್ನ ಪ್ರಕಾರ ಬಜೆಟ್ಟಿನ ಮೊದಲ ಕೆಲ್ಸ ಉತ್ತರಾನಾ, ಮಧ್ಯಾನಾ, ದಕ್ಷಿಣಾನಾ ಅಂತ ಒಂದನ್ನ ಆರಿಸ್ಕೊಳ್ಳೋದು, ತುಂಬಾ ಆಸೆ ಇದ್ರೆ ಎರಡು.

ಯಾವ ಭಾಗ ಅನ್ನೋದನ್ನ ನಿಮ್ಮ ರಜೆ ಯಾವಾಗ ಅನ್ನೋದೇ ಹೇಳತ್ತೆ. ದಸರಾ ರಜೆಗೆ ಹೋಗ್ತೀರಾ, ಅಕ್ಟೋಬರಲ್ಲಿ ಉತ್ತರ ಚೆನ್ನಾಗಿರತ್ತೆ, ಸೆಕೆ ಇಳಿದಿರತ್ತೆ, ಆಕಾಶ ತಿಳಿಯಾಗಿರತ್ತೆ. ಅದೇ ಟೈಮಲ್ಲಿ ಮಧ್ಯಭಾಗದ ಹೊಯ್ ಆನ್, ಹ್ಯೂ ಕಡೆ ಜೋರು ಮಳೆ, ಅಕ್ಟೋಬರ್ ನವೆಂಬರಲ್ಲಿ ಹೊಯ್ ಆನ್‌ನ ಹಳೇ ಪೇಟೆಗೆ ನದಿ ನೀರು ನುಗ್ಗೋದು ಹೊಸದೇನಲ್ಲ. ಕ್ರಿಸ್‌ಮಸ್ ರಜೆಗಾದ್ರೆ ದಕ್ಷಿಣ ಒಣಗಿರತ್ತೆ, ಉತ್ತರದಲ್ಲಿ ಚಳಿ, ಮಂಜು. ಮಕ್ಕಳ ಬೇಸಿಗೆ ರಜೆ ಅಂದ್ರೆ ಏಪ್ರಿಲ್ 30 ಮತ್ತೆ ಮೇ 1ರ ಸುತ್ತಮುತ್ತದ ದಿನಗಳನ್ನ ಬಿಟ್ಟು ಹಾಕಿ, ಅವು ಅಲ್ಲಿಯ ದೊಡ್ಡ ಸರ್ಕಾರಿ ರಜೆಗಳು, ಇಡೀ ದೇಶಾನೇ ಬೀಚಿಗೆ ಹೊರಟಿರತ್ತೆ, ರೂಮು ಬಸ್ಸು ಎಲ್ಲಾ ದುಬಾರಿ. ಹಾಗೇ ಅವರ ಹೊಸ ವರ್ಷ ತೆತ್, ಅದು ಜನವರಿ ಕೊನೆಯಿಂದ ಫೆಬ್ರವರಿ ನಡುವೆ ಬರತ್ತೆ (2027ರಲ್ಲಿ ಫೆಬ್ರವರಿ 6ಕ್ಕೆ), ಆಗ ಅಂಗಡಿ ಹೋಟ್ಲು ಮುಚ್ಚಿರತ್ತೆ, ಎಲ್ಲರೂ ಊರಿಗೆ ಹೋಗೋದ್ರಿಂದ ಟಿಕೆಟ್ ಸಿಗಲ್ಲ. ಕಮ್ಮಿ ದುಡ್ಡಲ್ಲಿ ಹೋಗೋರು ಆ ವಾರ ಹೋಗ್ಲೇಬೇಡಿ.

ಫ್ಲೈಟ್ ವಿಷ್ಯ. 2025ರಲ್ಲಿ ಬೆಂಗಳೂರಿಂದ ನೇರ ಫ್ಲೈಟ್ ಶುರುವಾದ ಮೇಲೆ ಸಲೀಸಾಗಿದೆ, ಬ್ಯಾಂಕಾಕ್, ಕೌಲಾಲಂಪುರ ಸುತ್ಕೊಂಡು ಹೋಗೋದೂ ಇದೆ. ಟಿಕೆಟ್ ದರ ಹೋಲಿಸುವಾಗ ಮೊದಲ ಪೇಜಿನ ದರ ನಂಬಬೇಡಿ, ಎಷ್ಟೋ ಕಮ್ಮಿ ದರದ ಏರ್‌ಲೈನ್‌ಗಳಲ್ಲಿ 7 ಕೆಜಿ ಕೈ ಬ್ಯಾಗ್ ಮಾತ್ರ ಸೇರಿರತ್ತೆ, ಚೆಕ್‌ಇನ್ ಬ್ಯಾಗು, ಸೀಟು, ಊಟ ಎಲ್ಲಾ ಬೇರೆ. ಕೊನೇ ಪೇಜ್‌ವರೆಗೂ ಹೋಗಿ, ದುಡ್ಡು ಕಟ್ಟೋ ಜಾಗದಲ್ಲಿ ಕಾಣೋ ಮೊತ್ತಾನ ಬರ್ಕೊಂಡು ಆಮೇಲೆ ಹೋಲಿಸಿ. 7 ಕೆಜಿಯಲ್ಲಿ ಹೋಗೋಕಾಗತ್ತಾ ಅಂತ ಕೇಳಿದ್ರೆ ಆಗತ್ತೆ, ಅಲ್ಲಿ ಬೀದಿ ಬೀದಿಗೆ ಲಾಂಡ್ರಿ ಇದೆ, ಕೆಜಿ ಲೆಕ್ಕ, ಒಂದು ಕೆಜಿಗೆ ಸುಮಾರು 30ರಿಂದ 50 ಸಾವಿರ ಡಾಂಗ್ (ಅಲ್ಲಿಯ ದುಡ್ಡು), ಬೆಳಿಗ್ಗೆ ಕೊಟ್ರೆ ಸಂಜೆ ಮಡಚಿ ಕೊಡ್ತಾರೆ.

ವೀಸಾ ಬೇಕು ನಮಗೆ. ಇ-ವೀಸಾ, ಒಂದು ಸಲದ ಎಂಟ್ರಿಗೆ 25 ಡಾಲರ್, ಹಲವು ಸಲದ್ದಕ್ಕೆ 50 ಡಾಲರ್, 2023ರ ಆಗಸ್ಟ್‌ನಿಂದ 90 ದಿನದವರೆಗೂ ಕೊಡ್ತಿದಾರೆ. ಸರ್ಕಾರಿ ಸೈಟಲ್ಲೇ ಹಾಕಿ, ವಿಳಾಸದ ಕೊನೆಗೆ ಜಿಒವಿ ಡಾಟ್ ವಿಎನ್ ಅಂತ ಇರ್ಬೇಕು, ಅದೇ ಥರ ಕಾಣೋ ಏಜೆಂಟ್ ಸೈಟುಗಳು ಬೇಕಾದಷ್ಟಿವೆ, ಅದೇ ಫಾರ್ಮ್ ತುಂಬಿಸಿ ಎರಡರಷ್ಟು ಮೂರರಷ್ಟು ತಗೋತಾರೆ. ನಮ್ಮ ಕಡೆಯವರಿಗೆ ಇಲ್ಲೊಂದು ಮುಖ್ಯ ವಿಷ್ಯ ಇದೆ. ತುಂಬಾ ಜನರ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ ಇರತ್ತೆ, ಅಪ್ಪನ ಹೆಸರೋ ಊರಿನ ಹೆಸರೋ ಇನಿಶಿಯಲ್ ಬಿಡಿಸಿ ಹೆಸರಿನ ಜೊತೆ ಬರೆದಿರತ್ತೆ. ಪಾಸ್‌ಪೋರ್ಟಲ್ಲಿ ಹೇಗಿದ್ಯೋ ವೀಸಾದಲ್ಲೂ ಟಿಕೆಟಲ್ಲೂ ಅಕ್ಷರ ಅಕ್ಷರ ಹಾಗೇ ಇರ್ಬೇಕು. ಅಪ್ಲಿಕೇಶನ್ ತಪ್ಪಾದ್ರೆ ಆ 25 ಡಾಲರ್ ವಾಪಸ್ ಬರಲ್ಲ, ಮತ್ತೆ ಹಾಕಿ ಮತ್ತೆ ಕಟ್ಟಬೇಕು, ಕೊನೇ ವಾರದಲ್ಲಿ ಆದ್ರೆ ಅರ್ಜೆಂಟ್ ಏಜೆಂಟ್ ಕೈಗೆ ಬೀಳ್ತೀರಿ. ಮೂರು ನಾಲ್ಕು ವಾರ ಮುಂಚೇನೇ ಹಾಕ್ಬಿಡಿ.

ಈಗ ಡಾಂಗ್. ಸೊನ್ನೆ ನೋಡಿ ಎಲ್ಲರಿಗೂ ತಲೆ ಕೆಡತ್ತೆ, ಒಂದು ಲಕ್ಷ ಡಾಂಗ್ ಅಂದ್ರೆ ಹೆಚ್ಚುಕಮ್ಮಿ 340 ರೂಪಾಯಿ. ಸುಲಭದ ದಾರಿ ಏನಂದ್ರೆ ಕೊನೇ ಮೂರು ಸೊನ್ನೆ ತೆಗೆದು ಮೂರೂವರೆಯಿಂದ ಗುಣಿಸಿ. 60,000 ಡಾಂಗ್ ಅಂದ್ರೆ 60 ಮೂರೂವರೆ 210 ರೂಪಾಯಿ. ನಿಜವಾದ ದರಕ್ಕಿಂತ ಸ್ವಲ್ಪ ಜಾಸ್ತಿ ಬರತ್ತೆ, ಬರ್ಲಿ, ಕಾರ್ಡ್ ಚಾರ್ಜು ಎಕ್ಸ್‌ಚೇಂಜ್ ಕಮಿಷನ್ನು ಎಲ್ಲಾ ಅದ್ರಲ್ಲೇ ಸೇರ್ಕೊಳ್ಳತ್ತೆ. ಅಂಗಡಿಯವರು ಬರೀ ಐವತ್ತು ಅಂದ್ರೆ ಐವತ್ತು ಸಾವಿರ ಅಂತ ಅರ್ಥ, ಬೋರ್ಡಲ್ಲೂ 50 ಪಕ್ಕ ಕೆ ಅಂತ ಬರೆದಿರ್ತಾರೆ. ನೋಟಿನ ವಿಷ್ಯದಲ್ಲಿ ಮಾತ್ರ ತುಂಬಾ ಹುಷಾರು. 20 ಸಾವಿರದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ ಥರಾನೇ, ಎರಡ್ರಲ್ಲೂ ಹೋ ಚಿ ಮಿನ್ ಮುಖಾನೇ ಇರತ್ತೆ, ರಾತ್ರಿ ಬೀದಿ ದೀಪದ ಬೆಳಕಲ್ಲಿ ಟ್ಯಾಕ್ಸಿಯಿಂದ ಇಳೀತಾ ಇಪ್ಪತ್ತು ಅಂದ್ಕೊಂಡು ಐದು ಲಕ್ಷ ಕೊಟ್ರೆ 70 ರೂಪಾಯಿ ಬದಲು 1,700 ಹೋಯ್ತು. ಪರ್ಸಲ್ಲಿ ಎರಡು ಖಾನೆ ಮಾಡ್ಕೊಳ್ಳಿ, 1 ಲಕ್ಷ, 2 ಲಕ್ಷ, 5 ಲಕ್ಷದ್ದು ಒಳಗಡೆ ಖಾನೆಗೆ, 50 ಸಾವಿರ ಮತ್ತೆ ಅದಕ್ಕಿಂತ ಚಿಕ್ಕದು ಹೊರಗಡೆಗೆ. ಬೆಳಿಗ್ಗೆ ರೂಮಿಂದ ಹೊರಡುವಾಗ ಆ ದಿನದ ದುಡ್ಡು ಎಣಿಸಿ ಹೊರಗಡೆ ಖಾನೆಗೆ ಹಾಕ್ಕೊಂಡ್ರೆ ಸಂಜೆ ಎಷ್ಟು ಖರ್ಚಾಯ್ತು ಅಂತ ಆಪ್ ಇಲ್ದೇನೂ ಗೊತ್ತಾಗತ್ತೆ.

ದುಡ್ಡು ಹೇಗೆ ತಗೊಂಡು ಹೋಗೋದು? ರೂಪಾಯಿ ಅಲ್ಲಿ ಬದಲಾಯಿಸೋದು ಕಷ್ಟ, ಸಿಕ್ಕಿದ್ರೂ ದರ ಕೆಟ್ಟದಾಗಿರತ್ತೆ. ಯುಪಿಐ ನಂಬ್ಕೊಂಡು ಹೋಗ್ಬೇಡಿ, ಎಳನೀರು ಮಾರೋರ ಹತ್ರಾನೂ ಕ್ಯೂಆರ್ ಕೋಡ್ ಕಾಣತ್ತೆ ಆದ್ರೆ ಅದು ಅಲ್ಲಿಯ ಬ್ಯಾಂಕಿನದ್ದು. ಇಲ್ಲಿಂದ ಸ್ವಲ್ಪ ಡಾಲರ್ ತಗೊಳ್ಳಿ, 100 ಡಾಲರಿನ ನೋಟೇ ಕೇಳಿ, ಹೊಸದು, ಮಡಿಕೆ ಗೀಚು ಇಲ್ದೇ ಇರೋದು, ಅಲ್ಲಿ ಚಿಕ್ಕ ನೋಟಿಗೆ ದರ ಕಮ್ಮಿ ಕೊಡ್ತಾರೆ, ಹರಿದಿದ್ರೆ ತಗೊಳ್ಳೋದೇ ಇಲ್ಲ. ಕೊಳ್ಳೋದು ಊರೊಳಗಿನ ಲೈಸೆನ್ಸ್ ಇರೋ ಫೋರೆಕ್ಸ್ ಅಂಗಡಿಯಲ್ಲೋ ಬ್ಯಾಂಕಲ್ಲೋ, ಏರ್‌ಪೋರ್ಟ್ ಕೌಂಟರಲ್ಲಿ ಬೇಡ. ಉಳಿದಿದ್ದಕ್ಕೆ ಕಾರ್ಡ್. ಮಾಮೂಲಿ ಕ್ರೆಡಿಟ್ ಕಾರ್ಡುಗಳಲ್ಲಿ ಫೋರೆಕ್ಸ್ ಮಾರ್ಕ್‌ಅಪ್ (ಹೊರದೇಶದ ಖರ್ಚಿನ ಮೇಲೆ ಬ್ಯಾಂಕ್ ಹಾಕೋ ಚಾರ್ಜು) ಸಾಮಾನ್ಯವಾಗಿ 3.5 ಪರ್ಸೆಂಟ್ ತನಕ ಇರತ್ತೆ, ಅದ್ರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಅಂದ್ರೆ ಹತ್ತು ಸಾವಿರಕ್ಕೆ ನಾನೂರು ರೂಪಾಯಿ ಸುಮ್ನೆ ಹೋಯ್ತು. ಮಾರ್ಕ್‌ಅಪ್ ಇಲ್ಲದ ಕಾರ್ಡುಗಳು ಈಗ ಸಿಗತ್ತೆ, ಟ್ರಿಪ್‌ಗೆ ಎರಡು ತಿಂಗಳು ಮುಂಚೆ ಒಂದು ಮಾಡಿಸ್ಕೊಳ್ಳಿ. ಬ್ಯಾಂಕ್ ಆಪಲ್ಲಿ ಇಂಟರ್‌ನ್ಯಾಷನಲ್ ಟ್ರಾನ್ಸಾಕ್ಷನ್ ಆನ್ ಮಾಡಿದೀರಾ ನೋಡ್ಕೊಳ್ಳಿ, 2020ರ ಆರ್‌ಬಿಐ ನಿಯಮದಿಂದ ಹೊಸ ಕಾರ್ಡುಗಳಲ್ಲಿ ಅದು ಆಫ್ ಆಗೇ ಬರತ್ತೆ. ಮತ್ತೆ ಅಲ್ಲಿ ಎಟಿಎಂ ಆಗ್ಲಿ ಸ್ವೈಪ್ ಮಷಿನ್ ಆಗ್ಲಿ ರೂಪಾಯಿಯಲ್ಲಿ ಕಟ್ತೀರಾ ಡಾಂಗ್‌ನಲ್ಲಿ ಕಟ್ತೀರಾ ಅಂತ ಕೇಳಿದ್ರೆ ಡಾಂಗ್ ಅನ್ನಿ, ರೂಪಾಯಿ ಅಂದ್ರೆ ಅವರಿಗೆ ಬೇಕಾದ ದರ ಹಾಕ್ತಾರೆ.

ರೂಮಿಗೆ ಇಬ್ಬರಿಗೆ 4ರಿಂದ 7 ಲಕ್ಷ ಡಾಂಗ್ ಒಳಗೆ, ಎಸಿ, ಬಿಸಿನೀರು, ಎಷ್ಟೋ ಕಡೆ ಬೆಳಗಿನ ತಿಂಡಿ ಸೇರಿ, ಮನೆಯವರೇ ನಡೆಸೋ ಚಿಕ್ಕ ಹೋಟ್ಲು, ಹೋಮ್‌ಸ್ಟೇ ಆರಾಮಾಗಿ ಸಿಗತ್ತೆ. ಹನೋಯ್‌ಯ ಹಳೇ ಪೇಟೆಯಲ್ಲಿ ಕಟ್ಟಡಗಳು ತುಂಬಾ ಕಿರಿದು, ಕಮ್ಮಿ ದರದ ರೂಮಿಗೆ ಎಷ್ಟೋ ಸಲ ಕಿಟಕೀನೇ ಇರಲ್ಲ, ಲಿಫ್ಟ್ ಇಲ್ಲದೆ ಕಡಿದಾದ ಮೆಟ್ಟಿಲು ಹತ್ತಬೇಕಾಗತ್ತೆ. ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋರು ಕಿಟಕಿ ಇದ್ಯಾ, ಲಿಫ್ಟ್ ಇದ್ಯಾ ಅಂತ ಕೇಳಿ ಬುಕ್ ಮಾಡಿ, ಅದಕ್ಕೆ ದಿನಕ್ಕೆ ಐನೂರು ರೂಪಾಯಿ ಜಾಸ್ತಿ ಆದ್ರೂ ಕೊಡಿ. ಒಬ್ಬರೇ ಹೋಗೋರಿಗೆ ರೂಮ್ ಖರ್ಚು ಅರ್ಧ ಆಗಲ್ಲ ಅನ್ನೋದು ನೆನಪಿರಲಿ, ಹಾಸ್ಟೆಲ್ ಡಾರ್ಮ್ ಒಗ್ಗಿದ್ರೆ ಮಾತ್ರ ಉಳಿಯತ್ತೆ.

ಊಟದ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಯಾಕಂದ್ರೆ ಸಸ್ಯಾಹಾರಿಗಳ ಬಜೆಟ್ ಹಾಳಾಗೋದು ಇಲ್ಲೇ. ಏನೂ ಸಿಗಲ್ಲ ಅನ್ನೋ ಭಯದಲ್ಲಿ ಮೂರು ಹೊತ್ತೂ ಇಂಡಿಯನ್ ರೆಸ್ಟೋರೆಂಟಿಗೆ ಹೋಗ್ತಾರೆ, ಅಲ್ಲಿ ಒಂದು ಪಲ್ಯ, ಎರಡು ರೋಟಿ, ಅನ್ನ ಅಂತ ಸೇರಿದ್ರೆ ಒಬ್ಬರಿಗೆ 2 ಲಕ್ಷ ಡಾಂಗ್ ದಾಟತ್ತೆ. ಆದ್ರೆ ವಿಯೆಟ್ನಾಂನಲ್ಲಿ ಬೌದ್ಧ ಸಸ್ಯಾಹಾರದ ಪದ್ಧತಿ ಗಟ್ಟಿಯಾಗಿದೆ, ಅಮಾವಾಸ್ಯೆ ಹುಣ್ಣಿಮೆ ಹೊತ್ತಿಗೆ, ಅಂದ್ರೆ ಅವರ ಚಾಂದ್ರಮಾನ ತಿಂಗಳ ಮೊದಲನೇ ದಿನ ಹದಿನೈದನೇ ದಿನ, ಮಾಂಸ ತಿನ್ನೋರೂ ಸಸ್ಯಾಹಾರ ಮಾಡ್ತಾರೆ. ಬೋರ್ಡಲ್ಲಿ ಸಿ ಎಚ್ ಎ ವೈ, ಚಾಯ್ ಅಂತ ಇದ್ರೆ ಅದು ಸಸ್ಯಾಹಾರಿ ಹೋಟ್ಲು. ಒಳಗೆ ಹೋದ್ರೆ ಗಾಜಿನ ಹಿಂದೆ ಸ್ಟೀಲ್ ಟ್ರೇಗಳು ಸಾಲಾಗಿರತ್ತೆ, ತೋಫು ಟೊಮೆಟೊ ಗೊಜ್ಜಿನ ಥರ ಒಂದು, ಬಸಳೆ ಥರದ ಸೊಪ್ಪು ಬೆಳ್ಳುಳ್ಳಿ ಹಾಕಿ ಬಾಡಿಸಿದ್ದು ಒಂದು, ಅಣಬೆ, ಬದನೆಕಾಯಿ, ನೀವು ಬೆರಳು ತೋರಿಸಿದ್ದನ್ನ ಅನ್ನದ ಮೇಲೆ ಹಾಕಿ ಪಕ್ಕಕ್ಕೊಂದು ಬಟ್ಟಲು ತಿಳಿ ಸೂಪು ಇಟ್ಟು ಕೊಡ್ತಾರೆ, ಒಂದು ತಟ್ಟೆಗೆ 40, 50 ಸಾವಿರ ಡಾಂಗ್, ಹೊಟ್ಟೆ ತುಂಬತ್ತೆ. ಮಾಮೂಲಿ ಅಂಗಡಿಯಲ್ಲಿ ಮಾತ್ರ ವೆಜ್ ಅಂದ್ರೂ ಮೀನಿನ ಸಾಸ್ ಹಾಕಿರ್ತಾರೆ, ಫೋ ಅನ್ನೋ ನೂಡಲ್ಸ್ ಸೂಪಿನ ನೀರು ಮೂಳೆ ಬೇಯಿಸಿದ್ದೇ, ಹಂಗಾಗಿ ಕಟ್ಟುನಿಟ್ಟಿನವರು ಚಾಯ್ ಬೋರ್ಡ್ ಹುಡುಕೋದೇ ಸರಿ. ಮಾಂಸ ತಿನ್ನೋರಿಗಂತೂ ಚಿಂತೇನೇ ಇಲ್ಲ, ಬೀದಿ ಫೋ 40ರಿಂದ 70 ಸಾವಿರ, ಬಾನ್ ಮೀ (ಅಲ್ಲಿಯ ಬ್ರೆಡ್ ಸ್ಯಾಂಡ್‌ವಿಚ್) 20ರಿಂದ 35 ಸಾವಿರ.

ಕಾಫಿ ಬಜೆಟ್ ಬೇರೆ ಇಡಿ, ಕುಡೀದೆ ಇರೋಕಾಗಲ್ಲ. ಪ್ರಪಂಚದಲ್ಲಿ ಅತಿ ಹೆಚ್ಚು ರೊಬಸ್ಟಾ ಬೆಳೆಯೋ ದೇಶ ಅದು, ಕೊಡಗು ಚಿಕ್ಕಮಗಳೂರು ಕಡೆಯವರಿಗೆ ಆ ಗಟ್ಟಿ ಡಿಕಾಕ್ಷನ್ ವಾಸನೆ ತಕ್ಷಣ ಗೊತ್ತಾಗತ್ತೆ, ಕಂಡೆನ್ಸ್ಡ್ ಮಿಲ್ಕ್ ಹಾಕಿ ಐಸ್ ಜೊತೆ 25ರಿಂದ 35 ಸಾವಿರ ಡಾಂಗ್. ನಲ್ಲಿ ನೀರು ಕುಡೀಬೇಡಿ, ಅಂಗಡಿಯಲ್ಲಿ ದೊಡ್ಡ ಬಾಟ್ಲಿ ತಗೊಳ್ಳಿ.

ಊರೊಳಗೆ ಓಡಾಡೋಕೆ ಗ್ರಾಬ್, ಸಾನ್ ಎಸ್‌ಎಂ ಅನ್ನೋ ಟ್ಯಾಕ್ಸಿ ಆಪ್‌ಗಳು, ದರ ಮೊದಲೇ ಕಾಣತ್ತೆ, ಚೌಕಾಸಿ ಇಲ್ಲ. ಕಾರ್ಡ್ ಸೇರಿಸೋಕೆ ಒಟಿಪಿ ಬೇಕಾಗತ್ತೆ, ಇಲ್ಲಿಂದ ಹೊರಡೋ ಮುಂಚೆ ಮಾಡ್ಬಿಡಿ, ಆಗಿಲ್ಲ ಅಂದ್ರೆ ಕ್ಯಾಶ್ ಕೊಡಬಹುದು. ಹನೋಯ್ ಏರ್‌ಪೋರ್ಟಿಂದ ಪೇಟೆಗೆ 86 ನಂಬರಿನ ಕಿತ್ತಳೆ ಬಣ್ಣದ ಬಸ್ ಬರತ್ತೆ, 45 ಸಾವಿರ ಡಾಂಗ್, ಒಬ್ಬಿಬ್ಬರಿದ್ರೆ ಅದೇ ಸಾಕು, ನಾಲ್ಕು ಜನ ಇದ್ರೆ ಕಾರೇ ವಾಸಿ. ಸೈಗಾನ್‌ನಲ್ಲಿ 2024ರ ಡಿಸೆಂಬರಲ್ಲಿ ಮೆಟ್ರೋ ಶುರುವಾಗಿದೆ. ಏರ್‌ಪೋರ್ಟ್ ಬಾಗಿಲಲ್ಲಿ ಕೈ ಹಿಡಿದು ಕರೆಯೋ ಟ್ಯಾಕ್ಸಿಯವರ ಜೊತೆ ಹೋಗ್ಬೇಡಿ.

ಬೈಕ್ ಬಾಡಿಗೆ ದಿನಕ್ಕೆ ಒಂದೂವರೆ ಲಕ್ಷ ಡಾಂಗ್ ಅಂದ ತಕ್ಷಣ ನಮ್ಮ ಹುಡುಗ್ರು ಹತ್ತಿ ಕೂರ್ತಾರೆ. ದಯವಿಟ್ಟು ಇದನ್ನ ಓದಿ. ಇಂಡಿಯಾ ಕೊಡೋ ಇಂಟರ್‌ನ್ಯಾಷನಲ್ ಲೈಸೆನ್ಸ್ 1949ರ ರಸ್ತೆ ಸಂಚಾರ ಒಪ್ಪಂದದ ಪ್ರಕಾರದ್ದು, ವಿಯೆಟ್ನಾಂ ಒಪ್ಕೊಳ್ಳೋದು 1968ರದ್ದು. ಲೈಸೆನ್ಸ್ ಲೆಕ್ಕಕ್ಕೆ ಬರ್ದಿದ್ರೆ ಪೊಲೀಸ್ ಫೈನ್ ಬಿಡಿ, ಬಿದ್ದು ಆಸ್ಪತ್ರೆ ಸೇರಿದ್ರೆ ಇನ್ಶೂರೆನ್ಸಿನವರು ದುಡ್ಡು ಕೊಡಲ್ಲ ಅಂತ ಹೇಳೋಕೆ ಅದೊಂದೇ ಸಾಕು. ಹಾ ಜಾಂಗ್ ಬೆಟ್ಟದ ರಸ್ತೆ ನೋಡ್ಲೇಬೇಕು ಅಂದ್ರೆ ಅಲ್ಲಿಯ ಡ್ರೈವರ್ ಹಿಂದೆ ಕೂತು ಹೋಗೋ ಟೂರ್ ಇದೆ, ದುಡ್ಡು ಜಾಸ್ತಿ, ಆ ಜಾಸ್ತಿ ದುಡ್ಡಿಗೆ ಬೆಲೆ ಇದೆ. ಇನ್ಶೂರೆನ್ಸ್ ಮಾತ್ರ ಬಿಡ್ಬೇಡಿ, ವಾರಕ್ಕೆ ಕೆಲವು ನೂರು ರೂಪಾಯಿಯಿಂದ ಸಿಗತ್ತೆ.

ಇನ್ನು ದೊಡ್ಡ ಖರ್ಚುಗಳು. ಮ್ಯೂಸಿಯಂ, ದೇವಸ್ಥಾನದ ಟಿಕೆಟ್ ಎಲ್ಲಾ ಸಣ್ಣವು, ಸೈಗಾನ್‌ನ ಯುದ್ಧದ ಮ್ಯೂಸಿಯಂ 40 ಸಾವಿರ, ಹೊಯ್ ಆನ್ ಹಳೇ ಪೇಟೆ 1 ಲಕ್ಷ 20 ಸಾವಿರ, ಚಂಪಾ ರಾಜರು ಶಿವನಿಗೆ ಕಟ್ಟಿಸಿದ ಇಟ್ಟಿಗೆ ಗುಡಿಗಳಿರೋ ಮೀ ಸೋನ್ ಒಂದೂವರೆ ಲಕ್ಷದ ಆಸುಪಾಸು (ಮಧ್ಯಭಾಗಕ್ಕೆ ಹೋದ್ರೆ ಇದನ್ನ ಬಿಡ್ಬೇಡಿ, ಕಲ್ಲಲ್ಲಿ ಸಂಸ್ಕೃತ ಶಾಸನ ಇದೆ). ಆದ್ರೆ ಡಾ ನಾಂಗ್ ಹತ್ರದ ಬಾ ನಾ ಹಿಲ್ಸ್, ಎರಡು ಕೈ ಹಿಡ್ಕೊಂಡಿರೋ ಸೇತುವೆ ಇರೋದು, ಒಬ್ಬರಿಗೇ 9 ಲಕ್ಷ ಡಾಂಗ್ ಮೇಲೆ. ಇಬ್ಬರ ಟಿಕೆಟ್ ದುಡ್ಡಲ್ಲಿ ಇಬ್ಬರೂ ಮೂರು ದಿನಕ್ಕಿಂತ ಜಾಸ್ತಿ ಊಟ ಮಾಡಬಹುದು. ಹಾ ಲಾಂಗ್‌ನಲ್ಲಿ ರಾತ್ರಿ ತಂಗೋ ಕ್ರೂಸ್ ಇನ್ನೂ ದುಬಾರಿ. ಅದರ ಬದಲು ಕಾಟ್ ಬಾ ದ್ವೀಪಕ್ಕೆ ಬಸ್ಸಲ್ಲಿ ಹೋಗಿ ಅಲ್ಲೇ ಉಳ್ಕೊಂಡು ಲಾನ್ ಹಾ ಕೊಲ್ಲಿಯಲ್ಲಿ ಒಂದು ದಿನದ ಬೋಟ್ ಟೂರ್ ತಗೊಂಡ್ರೆ ಅದೇ ಸುಣ್ಣಕಲ್ಲಿನ ಬೆಟ್ಟ, ಅದೇ ಹಸಿರು ನೀರು, ಕಯಾಕ್ ಕೂಡ ಸೇರಿರತ್ತೆ, ಜನ ಕಮ್ಮಿ. ಇಂಥ ದೊಡ್ಡ ಖರ್ಚು ಟ್ರಿಪ್‌ಗೆ ಒಂದೇ ಇಟ್ಕೊಳ್ಳಿ, ಮನೆಯವರೆಲ್ಲಾ ಕೂತು ಯಾವುದು ಅಂತ ಮೊದಲೇ ಆರಿಸಿ.

ಒಂದು ಪೂರ್ತಿ ಲೆಕ್ಕ ಹಾಕೋಣ. ಇಬ್ಬರು, 8 ರಾತ್ರಿ, ಬರೀ ಉತ್ತರ: ಹನೋಯ್, ನಿನ್ ಬಿನ್, ಕಾಟ್ ಬಾ, ಮತ್ತೆ ಹನೋಯ್. ಫ್ಲೈಟ್ ಒಬ್ಬರಿಗೆ 24,000 ಅಂತ ಹಿಡಿದ್ರೆ 48,000, ಇದು ದಿನಾ ಬದಲಾಗತ್ತೆ, ನಿಮ್ಮ ದಿನಾಂಕದ ದರ ಹಾಕ್ಕೊಳ್ಳಿ. ವೀಸಾ ಇಬ್ಬರಿಗೆ 4,500. ರೂಮು ರಾತ್ರಿಗೆ 5 ಲಕ್ಷ ಡಾಂಗ್, ನಮ್ಮ ಮೂರೂವರೆ ಲೆಕ್ಕದಲ್ಲಿ 1,750 ರೂಪಾಯಿ, 8 ರಾತ್ರಿಗೆ 14,000. ಊಟ ಒಬ್ಬರಿಗೆ ದಿನಕ್ಕೆ ಎರಡೂವರೆ ಲಕ್ಷ ಡಾಂಗ್ ಇಡಿ: ಮಧ್ಯಾಹ್ನ 60 ಸಾವಿರ, ರಾತ್ರಿ 1 ಲಕ್ಷ, ಎರಡು ಕಾಫಿ 60, ನೀರು ಹಣ್ಣು 30, ಬೆಳಗಿನದು ಹೋಟ್ಲಲ್ಲೇ ಆಯ್ತು. ಇಬ್ಬರಿಗೆ 9 ದಿನಕ್ಕೆ 15,750. ಊರಿಂದೂರಿಗೆ ವ್ಯಾನು ಬಸ್ಸು ದೋಣಿ ಮತ್ತೆ ಊರೊಳಗಿನ ಗ್ರಾಬ್ ಎಲ್ಲಾ ಸೇರಿ 32 ಲಕ್ಷ ಡಾಂಗ್, 11,200. ನಿನ್ ಬಿನ್ ದೋಣಿ, ಲಾನ್ ಹಾ ಟೂರು, ನೀರಿನ ಗೊಂಬೆಯಾಟ, ಮ್ಯೂಸಿಯಂಗಳಿಗೆ 27 ಲಕ್ಷ, 9,450. ಸಿಮ್ಮು, ಇನ್ಶೂರೆನ್ಸಿಗೆ 2,800. ಒಟ್ಟು 1,05,700. ಮೇಲೊಂದು ಹತ್ತು ಸಾವಿರ ಶಾಪಿಂಗಿಗೂ ಆಪತ್ತಿಗೂ ಅಂತ ಇಟ್ರೆ 1,15,700, ಒಬ್ಬರಿಗೆ 58 ಸಾವಿರ ಹತ್ರ. ನೋಡಿ, ಹತ್ತಿರ ಅರ್ಧ ದುಡ್ಡು ಫ್ಲೈಟು ವೀಸಾಗೇ ಹೋಗಿದೆ, ಅಲ್ಲಿ ಇಳಿದ ಮೇಲೆ ದಿನಕ್ಕೆ ಆಗೋದು ಕಮ್ಮಿ. ಹಂಗಾಗಿ ರಜೆ ಸಿಕ್ಕಿದ್ರೆ ಇನ್ನೆರಡು ದಿನ ಸೇರಿಸಿ, ಇನ್ನೆರಡು ಊರು ಸೇರಿಸೋದಕ್ಕಿಂತ ಅದು ಎಷ್ಟೋ ಅಗ್ಗ.

ಪ್ಯಾಕೇಜ್ ತಗೊಳ್ಳೋದಾ ಅಂತ ಕೇಳೋರಿಗೆ, ವಯಸ್ಸಾದವರ ಜೊತೆ ಮೊದಲ ಸಲ ಹೊರದೇಶಕ್ಕೆ ಹೋಗೋರು ತಗೊಳ್ಳಿ, ತಪ್ಪೇನಿಲ್ಲ. ಆದ್ರೆ ದರದಲ್ಲಿ ವೀಸಾ, ಒಳಗಿನ ಫ್ಲೈಟು, ಟಿಕೆಟ್ಟು, ಮಧ್ಯಾಹ್ನದ ಊಟ ಯಾವ್ಯಾವುದು ಸೇರಿದೆ ಅಂತ ಬರವಣಿಗೆಯಲ್ಲಿ ತಗೊಳ್ಳಿ. ಕಮ್ಮಿ ದರದ ಪ್ಯಾಕೇಜಲ್ಲಿ ರೇಷ್ಮೆ ಅಂಗಡಿ, ಮುತ್ತಿನ ಅಂಗಡಿ ಅಂತ ಗಂಟೆಗಟ್ಟಲೆ ಕೂರಿಸ್ತಾರೆ. ಹೊರದೇಶದ ಪ್ಯಾಕೇಜಿಗೆ ಇಲ್ಲೇ ಟಿಸಿಎಸ್ ಅಂತ ತೆರಿಗೆ ಹಿಡೀತಾರೆ, ಅದು ಹೋದ ದುಡ್ಡಲ್ಲ, ಐಟಿ ರಿಟರ್ನ್ಸ್ ಹಾಕುವಾಗ ಕ್ರೆಡಿಟ್ ಸಿಗತ್ತೆ, ರಸೀದಿ ಎತ್ತಿಡಿ, ಮತ್ತೆ ಬಜೆಟ್‌ನಲ್ಲಿ ಅಷ್ಟು ದುಡ್ಡು ಮುಂಗಡವಾಗಿ ಬೇಕು ಅನ್ನೋದು ಲೆಕ್ಕಕ್ಕಿರಲಿ.

ಡಾಂಗ್ ಉಳಿಸ್ಕೊಂಡು ವಾಪಸ್ ತರ್ಬೇಡಿ, ಇಲ್ಲಿ ಯಾರೂ ಸರಿಯಾಗಿ ತಗೊಳ್ಳಲ್ಲ. ಕೊನೇ ಎರಡು ದಿನಕ್ಕೆ ಎಷ್ಟು ಬೇಕು ಅಂತ ಎಣಿಸಿ ಅಷ್ಟೇ ಬದಲಾಯಿಸಿ, ಡಾಲರ್ ಬದಲಾಯಿಸಿದ ರಸೀದಿ ಇಟ್ಕೊಂಡಿರಿ, ಡಾಂಗ್ ಮತ್ತೆ ಡಾಲರ್ ಮಾಡುವಾಗ ಬ್ಯಾಂಕ್ ಕೌಂಟರಲ್ಲಿ ಕೇಳಬಹುದು. ಚಿಲ್ರೆ ಉಳಿದ್ರೆ ಕಾಫಿ ಪುಡಿಯನ್ನ ಏರ್‌ಪೋರ್ಟಲ್ಲಿ ಕೊಳ್ಳೋ ಬದಲು ಹಿಂದಿನ ದಿನವೇ ಊರೊಳಗಿನ ಸೂಪರ್‌ಮಾರ್ಕೆಟಲ್ಲಿ ತಗೊಳ್ಳಿ, ಏರ್‌ಪೋರ್ಟಿಗೆ ಹೋಗೋ ಬಸ್ಸಿಗೆ ಮಾತ್ರ ತಲೆಗೆ 45 ಸಾವಿರ ಬೇರೆ ಎತ್ತಿಟ್ಟು.